ಹಲಸಿನ ಹಲಗೆಗೆ ತೇಗದ ಬಣ್ಣ ಯಾಕೆ?

ಕಾಕ್ಕನಾಡಿನ ಇನ್ಫೋಪಾರ್ಕಲ್ಲೋ ಕಳಕ್ಕೂಟ್ಟಂನ ಟೆಕ್ನೋಪಾರ್ಕಲ್ಲೋ ಕೆಲಸಕ್ಕೆ ಸೇರಿ, ಫ್ಲಾಟ್ ಸಾಕಾಗಿ, ಹಳೇ ಹಂಚಿನ ಮನೆ ಹಿಡಿದವರು ನಮ್ಮ ಕನ್ನಡದವರಲ್ಲೂ ಇದ್ದಾರೆ. ಅವರು ನನ್ನ ಹತ್ರ ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ಮಹಡಿಯ ಮರದ ನೆಲ ಕಪ್ಪಾಗಿದೆ, ಮೆಷಿನ್ ಹೊಡೆಸಿ, ಟೀಕ್ ಕಲರ್ ಸ್ಟೇನ್ ಹಾಕಿ, ಮೇಲೆ ಪಿಯು ಕೋಟಿಂಗ್ ಕೊಡಿಸಿಬಿಡಲಾ? ಕಾಂಟ್ರಾಕ್ಟರ್ ಅಂತೂ ಹೂಂ ಅಂತಾನೆ. ನಾನು ಸ್ವಲ್ಪ ತಡೀರಿ ಅಂತೀನಿ. ಕಾರಣ ಹೇಳೋಕೆ ರಾಜರ ಕಾಲಕ್ಕೆ ಹೋಗಬೇಕು.

ತಿರುವಾಂಕೂರು ಸಂಸ್ಥಾನದಲ್ಲಿ ತೇಗ, ಬೀಟೆ, ಎಬನಿ, ಶ್ರೀಗಂಧ ಇವೆಲ್ಲ ರಾಜವೃಕ್ಷಗಳು. ನಿಮ್ಮ ಹಿತ್ತಲಲ್ಲೇ ಬೆಳೆದಿದ್ದರೂ ಮರ ಸರ್ಕಾರದ್ದು. ನಮ್ಮ ಕಡೆ ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಅಂತ ಸಾರಿದ ಹಾಗೆ. ಹಾಗಾಗಿ ಸಾಮಾನ್ಯರ ಮನೆಗೆ ಸಿಕ್ಕಿದ್ದು ಹಲಸು, ಮಾವು, ಮತ್ತೆ ಮಲಯಾಳಿಗಳು ಆಂಜಿಲಿ ಅನ್ನೋ ನಮ್ಮ ಹೆಬ್ಬಲಸು.

ಹಲಸಿನ ಮರದ ಗುಣ ನೋಡಿ. ಹೊಸದಾಗಿ ಕೊಯ್ದಾಗ ಅರಿಶಿನದಂಥ ಹಳದಿ. ಬೆಳಕು, ಗಾಳಿ ತಾಗಿ ವರ್ಷ ಕಳೆದ ಹಾಗೆ ಕಂದು, ಆಮೇಲೆ ಕೆಂಗಂದು. ನಿಮ್ಮ ಮಹಡಿಯಲ್ಲಿ ಈಗ ಕಾಣ್ತಿರೋ ಬಣ್ಣದಲ್ಲಿ ಕೊಳೆ ಸ್ವಲ್ಪ, ಉಳಿದದ್ದು ಮರ ತಾನೇ ಹಾಕಿಕೊಂಡ ಸ್ಟೇನ್. ಅದು ಇರೋದು ಮೇಲ್ಪದರದಲ್ಲಿ ಮಾತ್ರ. ಮೆಷಿನ್ ಹೊಡೆದ ಕೂಡಲೇ ಒಳಗಿನ ಹಳದಿ ಎದ್ದು ಬರುತ್ತೆ, ಮನೆಯವರು ಗಾಬರಿ ಬೀಳ್ತಾರೆ. ಆಗ ಕಾಂಟ್ರಾಕ್ಟರ್ ಟೀಕ್ ಕಲರ್ ಡಬ್ಬ ತೆಗೀತಾನೆ! ರಾಜರ ಮರ ನಮ್ಮನೇಲೂ ಇದೆ ಅಂತ ತೋರಿಸೋ ಆಸೆ ಇನ್ನೂ ಹೋಗಿಲ್ಲ ಅನ್ನೋದು ನನ್ನ ಅನುಮಾನ.

ಹಾಗಂತ ಹಿಂದಿನವರು ಮರಕ್ಕೆ ಏನೂ ಹಚ್ಚುತ್ತಿರಲಿಲ್ಲ ಅಂತಲ್ಲ. ಗೇರು ಮರವನ್ನು 16ನೇ ಶತಮಾನದಲ್ಲಿ ತಂದವರು ಪೋರ್ಚುಗೀಸರು. ಮಲಯಾಳದಲ್ಲಿ ಅದಕ್ಕೆ ಪರಂಗಿ ಮಾವು ಅನ್ನೋ ಹೆಸರೂ ಇದೆ. ಗೇರುಬೀಜದ ಸಿಪ್ಪೆಯಿಂದ ಬರೋ ಕಪ್ಪು ಎಣ್ಣೆ ಅಂಡಿಕ್ಕರ. ಕರೆ ಅಂದರೆ ನಮ್ಮ ಕರೆಯೇ, ಬಟ್ಟೆಗೆ ಹತ್ತಿದರೆ ಬಿಡದ್ದು. ದೋಣಿಗೆ, ತೊಲೆಗೆ, ಪಕಾಸಿಗೆ ಬಳಿದರೆ ಗೆದ್ದಲು ದೂರ. ಆದರೆ ಹಸಿ ಎಣ್ಣೆ ಚರ್ಮ ಸುಡುತ್ತೆ. ಬರಿಗಾಲಲ್ಲಿ ನಡೆಯೋ ನೆಲಕ್ಕೆ ದಯವಿಟ್ಟು ಬೇಡ.

ಮನೇಲೇ ಇದೆಯಲ್ಲ ಅಂತ ಕೊಬ್ಬರಿ ಎಣ್ಣೆಗೆ ಕೈಹಾಕಬೇಡಿ. ಅದು ಒಣಗೋ ಜಾತಿಯ ಎಣ್ಣೆಯೇ ಅಲ್ಲ. ಅಯೋಡಿನ್ ಮೌಲ್ಯ ಅನ್ನೋ ಅಳತೆ ಹೆಚ್ಚಿದ್ದಷ್ಟೂ ಎಣ್ಣೆ ಚೆನ್ನಾಗಿ ಗಟ್ಟಿಯಾಗುತ್ತೆ. ಕೊಬ್ಬರಿ ಎಣ್ಣೆಗೆ ಅದು ಸುಮಾರು 10, ಅಗಸೆ ಎಣ್ಣೆಗೆ 170ರ ಆಚೆ. ಒಂದು ಜಿಗುಟಾಗಿ ಧೂಳು ಹಿಡಿಯುತ್ತೆ, ಇನ್ನೊಂದು ಮರದೊಳಗೆ ಇಳಿದು ಗಟ್ಟಿಯಾಗುತ್ತೆ.

ಪೋರ್ಚುಗೀಸರು 1555ರ ಹೊತ್ತಿಗೆ ಕಟ್ಟಿಸಿ, 1663ರಲ್ಲಿ ಡಚ್ಚರು ರಿಪೇರಿ ಮಾಡಿಸಿದ ಮಟ್ಟಾಂಚೇರಿ ಅರಮನೆ ನೋಡಿ ಬಂದು "ಆ ಕಪ್ಪು ಹೊಳಪೇ ಬೇಕು" ಅನ್ನೋರಿದ್ದಾರೆ. 1795ರವರೆಗೆ ತಿರುವಾಂಕೂರಿನ ರಾಜಧಾನಿಯಾಗಿದ್ದ ಪದ್ಮನಾಭಪುರದಲ್ಲೂ ಅಂಥದ್ದೇ ನೆಲ. ಅದು ಮರದ ಪಾಲಿಶ್ ಅಲ್ಲ ಸ್ವಾಮಿ, ಗಾರೆ. ಸುಟ್ಟ ಕರಟ, ಸುಣ್ಣ, ಸಸ್ಯರಸ, ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿದ್ದು ಅಂತ ಹೇಳ್ತಾರೆ.

ಈಗ ಪಿಯುಗೆ ಬರೋಣ. ಪಾಲಿಯುರೆಥೇನ್ 1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ತಂಡದ ಕೆಲಸದಿಂದ ಹುಟ್ಟಿದ್ದು. ಗಟ್ಟಿ ವಸ್ತು, ನೀರು ಚೆಲ್ಲಿದರೂ ಚಿಂತೆಯಿಲ್ಲ. ಹೊಸ ಫ್ಲಾಟಿನ ಹೊಸ ನೆಲಕ್ಕೆ ನಾನೂ ಬೇಡ ಅನ್ನಲ್ಲ. ಆದರೆ ಅದು ಮರದ ಮೇಲೆ ಕೂರೋ ಪೊರೆ. ಹಳೇ ಮನೆಯ ಅಗಲ ಹಲಗೆ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತೆ. ಆಗ ಪೊರೆ ಹಲಗೆಗಳ ಸಂದಿನಲ್ಲಿ ಸೀಳುತ್ತೆ, ಸೀಳಿನಿಂದ ತೇವ ಒಳಗಿಳಿಯುತ್ತೆ. ಒಂದು ಕಡೆ ಕಿತ್ತರೆ ಅಷ್ಟೇ ಜಾಗಕ್ಕೆ ತೇಪೆ ಹಾಕಿದರೆ ಕಾಣುತ್ತೆ, ಮತ್ತೆ ಪೂರ್ತಿ ಮೆಷಿನ್. ಪ್ರತಿ ಸಲವೂ ಮರ ಸವೆಯುತ್ತೆ. ಎಣ್ಣೆ ನೆಲವಾದರೆ ಸವೆದ ಜಾಗಕ್ಕೆ ನೀವೇ ಭಾನುವಾರ ಕೂತು ಹಚ್ಚಬಹುದು. ಆದರೆ ವರ್ಷಕ್ಕೊಮ್ಮೆ ಮಂಡಿಯೂರಬೇಕು, ದಪ್ಪ ಹಚ್ಚಿದರೆ ಬೂಷ್ಟು ಹಿಡಿಯುತ್ತೆ. ಸುಖದ ದಾರಿ ಅಂತ ನಾನು ಮಾರಲ್ಲ.

ಮೊದಲು ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಇಂಗಿದರೆ ಮರ ಎಣ್ಣೆ ಕುಡಿಯೋಕೆ ಸಿದ್ಧ. ಇಂಗದಿದ್ದರೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಉಜ್ಜಿ. ಜಿಗುಟಾದರೆ ಹಿಂದೆ ಯಾರೋ ಅರಗಿನ ಪಾಲಿಶ್ ಹಾಕಿದ್ದಾರೆ, ಸ್ಪಿರಿಟ್‌ನಲ್ಲೇ ಒರೆಸಿ ತೆಗೀಬಹುದು, ಮೆಷಿನ್ ಬೇಕಿಲ್ಲ. ಕೆಲಸ ಜನವರಿ, ಫೆಬ್ರವರಿಯಲ್ಲಿ ಇಟ್ಟುಕೊಳ್ಳಿ. ತಿರುವನಂತಪುರದಲ್ಲಿ ಜೂನ್ ಮಳೆ ಮುಗೀತು ಅನ್ನೋಷ್ಟರಲ್ಲಿ ತುಲಾಮಳೆ ಬರುತ್ತೆ. ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹೊತ್ಕೊಳ್ಳುತ್ತೆ. ಹೊರಗೆ ಬಿಡಿಸಿ ಹರವಿ, ಇಲ್ಲಾ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.