ಹೇರೆತ್ತಿನಿಂದ ಲಾರಿಯವರೆಗೆ

ನಮ್ಮ ಹೊಳಗುಂದದ ಒಂದು ಮಗ್ಗುಲಿಗೆ ಆದೋನಿ, ಇನ್ನೊಂದು ಮಗ್ಗುಲಿಗೆ ಸಿರುಗುಪ್ಪ. ಅರಸರ ಚರಿತ್ರೆಯನ್ನು ಆದರದಿಂದ ಓದುವ ನಾವು, ಅವರ ಪಟ್ಟಣಗಳಿಗೆ ಧಾನ್ಯವನ್ನು ಹೊತ್ತು ತಂದವರನ್ನು ಸ್ಮರಿಸುವುದು ವಿರಳ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಅಲ್ಲಿಯ ಬೀದಿಗಳು ಹೇರೆತ್ತುಗಳಿಂದ ಕಿಕ್ಕಿರಿದಿದ್ದುದನ್ನು ಬರೆದಿಟ್ಟಿದ್ದಾನೆ. ತರುವಾಯದ ಶತಮಾನಗಳಲ್ಲಿ ಲಂಬಾಣಿಗರು ಉಪ್ಪು, ಧಾನ್ಯಗಳ ಹೇರುಗಳೊಡನೆ ಹೆಂಡಿರು ಮಕ್ಕಳನ್ನೂ ಕರೆದುಕೊಂಡು ದಖ್ಖನದ ದಾರಿಗಳನ್ನು ಸವೆಸಿದರು. ಎತ್ತು ದಣಿದಲ್ಲಿ ತಾಂಡಾ ಇಳಿಯುತ್ತಿತ್ತು. ಎತ್ತು ಮೇದು ಮಲಗಿದರೆ ಮನುಷ್ಯನೂ ಉಂಡು ಮಲಗುವನು.

1871ರಲ್ಲಿ ಮದ್ರಾಸಿನ ರೈಲುಮಾರ್ಗವು ಆದೋನಿಯನ್ನು ಹಾದು ರಾಯಚೂರಿನಲ್ಲಿ ಮುಂಬಯಿಯ ಮಾರ್ಗವನ್ನು ಕೂಡಿಕೊಂಡಿತು. ದೂರದ ಹೊರೆ ರೈಲಿನ ಪಾಲಾಯಿತು. ಹಳ್ಳಿಯಿಂದ ನಿಲ್ದಾಣದವರೆಗಿನ ಹೊರೆ ಬಂಡಿಯೆತ್ತಿಗೆ ಉಳಿಯಿತು. ಆಮೇಲೆ ಬಂದ ಲಾರಿಯು ಈ ಎರಡು ಹೊರೆಗಳನ್ನೂ ತನ್ನ ಮೇಲೆ ಹಾಕಿಕೊಂಡಿತು. ಆದರೆ ಯಂತ್ರಕ್ಕೆ ದಣಿವೆಂಬುದಿಲ್ಲ. ಅದು ದಣಿಯದ ಕಾರಣ ಮನುಷ್ಯನಿಗೆ ವಿಶ್ರಾಂತಿ ತಪ್ಪಿತು.

1953ರ ಅಕ್ಟೋಬರ್ 1ರಂದು ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಹಳೆಯ ದಾರಿಗೆ ಹೊಸ ಗಡಿ ಬಂದಿತು. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದು ಮಾರಾಟ ತೆರಿಗೆಯ ತಪಾಸಣಾ ಠಾಣೆಗಳು ಹೋಗುವವರೆಗೆ, ಅಲ್ಲಿ ಕಾದು ಕಳೆದ ಹೊತ್ತನ್ನು ಚಾಲಕನು ತನ್ನ ನಿದ್ರೆಯಿಂದಲೇ ತುಂಬಿಕೊಡಬೇಕಾಗುತ್ತಿತ್ತು.

ಕಾನೂನು ಈ ಕಷ್ಟವನ್ನು ಕಾಣದೆ ಇರಲಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಸಾಮಾನ್ಯ ಮಿತಿಯಾಗಿ ವಿಧಿಸಿತು. ಆದರೆ ಅದು ಐವರು ಅಥವಾ ಹೆಚ್ಚು ಕಾರ್ಮಿಕರುಳ್ಳ ಸಂಸ್ಥೆಗಳಿಗೆಂದು ರಚಿತವಾದುದು. ಒಂದೇ ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಇರುವಲ್ಲಿ ತಾನಾಗಿ ಅನ್ವಯಿಸುತ್ತಿರಲಿಲ್ಲ. 1989ರ ಕೇಂದ್ರ ನಿಯಮಗಳು ರಾಷ್ಟ್ರೀಯ ಪರ್ಮಿಟ್ಟಿನ ಲಾರಿಗೆ ಇಬ್ಬರು ಚಾಲಕರಿರಬೇಕೆಂದೂ, ಒಬ್ಬನು ನಡೆಸುವಾಗ ಇನ್ನೊಬ್ಬನು ಕಾಲು ಚಾಚಿ ಮಲಗಲು ಹಿಂದೆ ಆಸನವಿರಬೇಕೆಂದೂ ಹೇಳಿದವು. ಇಬ್ಬರು ಚಾಲಕರ ಆ ಕಟ್ಟಳೆಯನ್ನು 2018ರಲ್ಲಿ ತೆಗೆದುಹಾಕಲಾಯಿತು.

ನಮ್ಮ ತರಗತಿಗಳಲ್ಲಿ ಲಾರಿ ಚಾಲಕರ ಮಕ್ಕಳೂ ಕುಳಿತಿರುತ್ತಾರೆ. ತಂದೆ ಎಂದು ಬರುವರೆಂದು ಕೇಳಿದರೆ, "ತಿರುಗಿ ಬರಲು ಲೋಡು ಸಿಕ್ಕಾಗ, ಸಾರ್" ಎನ್ನುತ್ತಾರೆ. ಹತ್ತಿಯ ಅಂಡಿಗೆಯನ್ನೋ ಶೇಂಗಾದ ಚೀಲವನ್ನೋ ಲಾರಿಗೇರಿಸುವ ನಮ್ಮ ರೈತರೂ ವರ್ತಕರೂ, ಸರಕು ಬೆಳಗಾಗುವುದರೊಳಗೆ ಮುಟ್ಟಬೇಕೆಂದು ಅವಸರಪಡಿಸುವ ಮುನ್ನ ಈ ಮಾತನ್ನು ನೆನೆಯಬೇಕು. ಹಿಂದಿನವರು ಎತ್ತಿನ ದಣಿವನ್ನು ಅರಿತು ನೊಗ ಇಳಿಸಿದರು. ಮನುಷ್ಯನ ದಣಿವನ್ನು ಅರಿಯುವಷ್ಟಾದರೂ ನಾವು ಅವರಿಂದ ಕಲಿಯೋಣ.