ಎಂಜಿನ್ ಬದಲಿಸಿ ಉಳಿಸಿಕೊಂಡ ಗಾಡಿ: ಹಳೇ ಸ್ಟೇಷನ್ ವ್ಯಾಗನ್ ಲೆಕ್ಕ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲು ಮಾರ್ಗದ ಊರುಗಳು. ರೈಲು ಇಳಿದವರನ್ನು ಗಂಟುಮೂಟೆ ಸಮೇತ ಮನೆ ಮುಟ್ಟಿಸುವ ಕೆಲಸ ಒಂದು ಕಾಲಕ್ಕೆ ಟಾಂಗಾ, ಚಕ್ಕಡಿಗಳದ್ದು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಬಂದ ಮೋಟಾರು ಗಾಡಿಗೆ 'ಸ್ಟೇಷನ್ ವ್ಯಾಗನ್' ಎಂಬ ಹೆಸರು ಬಿತ್ತು. ಡಿಕ್ಕಿ ಬೇರೆ ಇರುವುದಿಲ್ಲ. ಮೇಲ್ಛಾವಣಿ ಹಿಂದಿನ ತನಕ ಚಾಚಿರುತ್ತದೆ, ಹಿಂದೆ ಬಾಗಿಲು ಇರುತ್ತದೆ. ಮುಂದೆ ಮಂದಿ, ಹಿಂದೆ ಸಾಮಾನು.

ಆರಂಭದ ವ್ಯಾಗನ್‌ಗಳ ಮೈ ಕಟ್ಟಿಗೆಯದು. 1946ರಲ್ಲಿ ಜೀಪಿನ ವಿಲ್ಲಿಸ್ ಕಂಪನಿ ಪೂರ್ತಿ ಉಕ್ಕಿನ ಮೈಯ ವ್ಯಾಗನ್ ಮಾಡಿ ಮಾರಿತು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅಂಬಾಸಿಡರ್ ಕಾರಿನ ಎಸ್ಟೇಟ್ ಮಾದರಿ ತಂದಿತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಇವತ್ತು ಇಂಥ ಗಾಡಿ ಮನೆಯಲ್ಲಿದ್ದರೆ ಅಥವಾ ಅಗ್ಗಕ್ಕೆ ಸಿಗುತ್ತದೆ ಎಂದು ಕೊಳ್ಳುವ ವಿಚಾರವಿದ್ದರೆ, ಅದರ ಚರಿತ್ರೆ ತಿಳಿದಿರಬೇಕು. ಯಾಕೆಂದರೆ ಅದು ಕೇಳುವ ಖರ್ಚೆಲ್ಲ ಆ ಚರಿತ್ರೆಯಿಂದಲೇ ಬಂದದ್ದು.

ಗಾಡಿಯ ಮಾಮೂಲಿ ಕಾಯಿಲೆಗಳು

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ. ಪೆಟ್ರೋಲ್ ಎಂಜಿನ್ 1,489 ಸಿಸಿ. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ತಡೆಯುವ ಉಕ್ಕಿನ ಸಲಾಕೆ. ಹಿಂದೆ ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳು. ಹಳೇ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಲ್ಲವೂ ಕಣ್ಣಿಗೆ ಕಾಣುವ, ಸ್ಪ್ಯಾನರ್‌ಗೆ ಸಿಗುವ ಭಾಗಗಳು. ಹಳ್ಳಿ ಗ್ಯಾರೇಜಿನಲ್ಲೂ ರಿಪೇರಿ ಆಗುತ್ತಿದ್ದುದು ಅದಕ್ಕೇ.

ಆದರೆ ಆ ಕಾಲದ ಗಾಡಿಗೆ ಆರೈಕೆ ಹೆಚ್ಚು. ಮುಂದಿನ ಚಕ್ರದ ಜೋಡಣೆಗಳಿಗೆ ಗ್ರೀಸ್ ತಪ್ಪಿದರೆ ಸವೆದು ಸ್ಟೀರಿಂಗ್ ಆಟ ಕೊಡುತ್ತದೆ. ಸ್ಟೀರಿಂಗ್ ಪಕ್ಕದ ಗೇರ್ ಇದ್ದರೆ ಅದರ ಬುಷ್ ಸವೆದು ಗೇರ್ ಸಿಕ್ಕಿಕೊಳ್ಳುತ್ತದೆ. ರೇಡಿಯೇಟರಿಗೆ ಬೋರಿನ ಸವಳು ನೀರು ಹಾಕುತ್ತಾ ಬಂದರೆ ಒಳಗೆ ಉಪ್ಪು ಕಟ್ಟಿ ಎಂಜಿನ್ ಕಾಯುತ್ತದೆ. ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೂಲೆಂಟಿನ ದುಡ್ಡು ಉಳಿಸಿ ಹೆಡ್ ಬಿಚ್ಚಿಸುವ ದುಡ್ಡು ಕೊಡುವುದು ಹೀಗೆ.

ವ್ಯಾಗನ್ ಎಂಬ ಕಾರಣಕ್ಕೇ ಬರುವ ತೊಂದರೆ ಬೇರೆ. ಮೆಣಸಿನಕಾಯಿ ಚೀಲವಿರಲಿ, ಗೊಬ್ಬರದ ಚೀಲವಿರಲಿ, ಹಿಂದೆ ಜಾಗ ಇದೆ ಎಂದು ತುಂಬುತ್ತೇವೆ. ಪಾಟಾ ಕುಸಿಯುತ್ತದೆ. ಹಿಂಬಾಗಿಲಿನ ರಬ್ಬರ್ ಒಣಗಿ ಸೀಳಿದರೆ ಮಳೆನೀರು ಒಳಗಿಳಿದು ಮ್ಯಾಟಿನ ಕೆಳಗೆ ನಿಲ್ಲುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ತಗಡು ತುಕ್ಕು ಹಿಡಿದು ತೂತಾಗಿರುತ್ತದೆ. ಎಂಜಿನ್ ಬೋರ್ ಮಾಡಿಸಿದರೆ ಕೆಲಸ ಒಮ್ಮೆಗೆ ಮುಗಿಯುತ್ತದೆ. ತುಕ್ಕಿಗೆ ಟಿಂಕರಿಂಗ್ ಶುರು ಮಾಡಿದರೆ ಎಲ್ಲಿಗೆ ನಿಲ್ಲುತ್ತದೆ ಎಂದು ಮಿಸ್ತ್ರಿಗೂ ಮೊದಲೇ ಹೇಳಲಾಗದು.

ಟಾಟಾ ಎಸ್ಟೇಟಿನದು ಇನ್ನೊಂದು ಕಥೆ. ಅದರ 1,948 ಸಿಸಿ ಡೀಸೆಲ್ ಎಂಜಿನ್ ಟಾಟಾಮೊಬೈಲ್ ಪಿಕಪ್ ಬಳಗದ್ದು. ಅದಕ್ಕೇ ಎಂಜಿನ್ ಸಾಮಾನು ಹುಡುಕುವುದು ಅಷ್ಟು ಕಷ್ಟವಲ್ಲ. ಗಾಜು, ಹಿಂದಿನ ಲೈಟು, ಹಿಂಬಾಗಿಲು ಮಾತ್ರ ಆ ಮಾದರಿಗೇ ಸೇರಿದ್ದು. ಒಂದು ಲೈಟ್ ಒಡೆದರೆ ಗುಜರಿ ಅಂಗಡಿ ಅಲೆಯಬೇಕು.

ಡೀಸೆಲ್ ಹಾಕಿಸಿದ ಕಾಲ

1973 ಮತ್ತು 1979ರಲ್ಲಿ ಜಗತ್ತಿನಾದ್ಯಂತ ತೈಲದ ಬೆಲೆ ಏರಿತು. ಪೆಟ್ರೋಲ್ ಗಾಡಿ ಸಾಕುವುದು ಆನೆ ಸಾಕಿದಂತಾಯಿತು. ಡೀಸೆಲ್ ಬೆಲೆಯನ್ನು ಸರ್ಕಾರ ಕೆಳಗೆ ಹಿಡಿದಿತ್ತು. 1980ರ ಹೊತ್ತಿಗೆ ಹಿಂದೂಸ್ತಾನ್ ಮೋಟಾರ್ಸ್ ತಾನೇ ಡೀಸೆಲ್ ಅಂಬಾಸಿಡರ್ ತಂದಿತು. ಹಳೇ ಪೆಟ್ರೋಲ್ ಗಾಡಿ ಇದ್ದವರು ಮ್ಯಾಟಡೋರ್‌ನಂಥ ಗಾಡಿಗಳ ಡೀಸೆಲ್ ಎಂಜಿನ್ ತಂದು ಕೂಡಿಸಿದರು. ದೇಶದ ತುಂಬ ನಡೆದ ಕೆಲಸ ಇದು. ಗುಜರಿಗೆ ಹೋಗಬೇಕಿದ್ದ ಎಷ್ಟೋ ಗಾಡಿಗಳು ಹೀಗೆ ಉಳಿದವು.

ಉಳಿದದ್ದಕ್ಕೆ ಬೆಲೆಯೂ ಇತ್ತು. ಡೀಸೆಲ್ ಎಂಜಿನ್ ತೂಕ ಹೆಚ್ಚು, ನಡುಕ ಹೆಚ್ಚು. ಮುಂದಿನ ಟಾರ್ಷನ್ ಬಾರ್ ಬಗ್ಗಿ ಗಾಡಿ ಮೂಗು ತಗ್ಗಿಸುತ್ತದೆ. ಎಂಜಿನ್ ಮೌಂಟಿಂಗ್ ರಬ್ಬರ್ ಪದೇ ಪದೇ ಹರಿಯುತ್ತದೆ. ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಜೋಡಿ ಕೂಡುವುದಿಲ್ಲ. ಬ್ರೇಕ್ ಮಾತ್ರ ಹಳೆಯದೇ.

2014ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಪೆಟ್ರೋಲಿಗೂ ಡೀಸೆಲ್ಲಿಗೂ ಇದ್ದ ಅಂತರ ಕಿರಿದಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತ್ತು.

ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡವರಿಗೂ ಬದಲಾವಣೆ ತಪ್ಪಲಿಲ್ಲ. 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸ ತೆಗೆದರು. ಜನರ ಆರೋಗ್ಯಕ್ಕೆ ಒಳ್ಳೆಯದಾಯಿತು, ಆದರೆ ಸೀಸವನ್ನೇ ನಂಬಿದ್ದ ಹಳೇ ಎಂಜಿನ್ನಿನ ವಾಲ್ವ್ ಸೀಟ್ ಬೇಗ ಸವೆಯತೊಡಗಿತು. ಈಗ ಬಂಕಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ. ನಾವು ಬೆಳೆಯುವ ಗೋವಿನಜೋಳವೂ ಎಥೆನಾಲಿಗೆ ಹೋಗುತ್ತದೆ. ರೈತನಿಗೆ ಅದೊಂದು ಮಾರುಕಟ್ಟೆ, ಆದರೆ ಹಳೇ ಕಾರ್ಬುರೇಟರಿನ ರಬ್ಬರ್ ಪೈಪಿಗೆ, ವಾಷರಿಗೆ ಅದು ಒಗ್ಗುವುದಿಲ್ಲ. ಅವನ್ನು ಎಥೆನಾಲ್ ತಡೆಯುವ ಸಾಮಾನಿಗೆ ಬದಲಿಸಿಕೊಳ್ಳಬೇಕು. ಪೆಟ್ರೋಲ್ ಸೋರುವ ಪೈಪ್ ಬೆಂಕಿಗೆ ದಾರಿ.

ಕಾಗದದ ಖರ್ಚು

'15 ವರ್ಷ ಆದರೆ ಗಾಡಿ ಗುಜರಿಗೆ ಹಾಕಲೇಬೇಕು' ಎಂಬ ಮಾತು ಊರೂರಲ್ಲಿ ಓಡಾಡುತ್ತಿದೆ. ವಯಸ್ಸು ನೋಡಿ ಖಾಸಗಿ ಗಾಡಿ ತಡೆಯುವ ಆದೇಶಗಳು ಬಂದದ್ದು ದೆಹಲಿ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ಖಾಸಗಿ ಕಾರನ್ನು ಆರ್‌ಟಿಒ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬಹುದು.

ಆದರೆ ಶುಲ್ಕ ಏರಿದೆ. ಮೊದಲು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯಿತು. ಥರ್ಡ್ ಪಾರ್ಟಿ ವಿಮೆ, 2022ರ ಜೂನ್‌ನ ದರದಂತೆ, 1,000ದಿಂದ 1,500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಅದಕ್ಕೂ ಮೇಲಿನದಕ್ಕೆ 7,897. ಇದರ ಮೇಲೆ 18% ಜಿಎಸ್‌ಟಿ.

ಲೆಕ್ಕ ಹಾಕೋಣ. ನವೀಕರಣದ 10,000ವನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000. ಟಾಟಾ ಎಸ್ಟೇಟಿಗೆ ಜಿಎಸ್‌ಟಿ ಸೇರಿ ವಿಮೆ ಸುಮಾರು 9,320. ಅಲ್ಲಿಗೆ ಚಕ್ರ ಉರುಳುವ ಮೊದಲೇ ವರ್ಷಕ್ಕೆ 11,300 ದಾಟಿತು. ಮೂಲ ಎಂಜಿನ್ನಿನ ಅಂಬಾಸಿಡರಿಗೆ ಇದು ಸುಮಾರು 6,030. ಹಸಿರು ತೆರಿಗೆ, ಪರೀಕ್ಷೆಗೆ ಮುಂಚೆ ಮಾಡಿಸುವ ರಿಪೇರಿ ಬೇರೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಸಿಂಧು, ಮರುನೋಂದಣಿಗೆ 5,000. ವಿಮೆಯಲ್ಲಿ ಅರ್ಧ ರಿಯಾಯಿತಿ. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. 1992ರ ಮೊದಲ ಟಾಟಾ ಎಸ್ಟೇಟಿಗೂ ಈ ಅರ್ಹತೆ ಬರುವುದು 2042ಕ್ಕೆ.

ಇನ್ನೊಂದು ಷರತ್ತಿದೆ. ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಡೀಸೆಲ್ ಎಂಜಿನ್ ಹಾಕಿಸಿ ನಲವತ್ತು ವರ್ಷ ಗಾಡಿಯನ್ನು ಜೀವಂತ ಇಟ್ಟವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಶೆಡ್ಡಿನಲ್ಲಿ ಮುಚ್ಚಿಟ್ಟು ಕಾಪಾಡಿದ ಶ್ರೀಮಂತರ ಕಾರು ವಿಂಟೇಜ್ ಆಗುತ್ತದೆ, ಬೆವರು ಸುರಿಸಿ ದುಡಿದ ಗಾಡಿ ಬರೀ ಹಳೇ ಗಾಡಿಯಾಗಿ ಉಳಿಯುತ್ತದೆ. ಎಂಜಿನ್ ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗದಿದ್ದರಂತೂ ಸಾಮಾನ್ಯ ನವೀಕರಣಕ್ಕೂ ತೊಡಕು, ಅಪಘಾತವಾದರೆ ವಿಮೆಗೂ ತೊಡಕು.

ಆದ್ದರಿಂದ ಕೊಳ್ಳುವ ಮುನ್ನ ಎಂಜಿನ್ ಸದ್ದು ಕೇಳಿ ಮರುಳಾಗಬೇಡಿ. ಮೊದಲು ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಆಮೇಲೆ ಹಿಂದಿನ ಮ್ಯಾಟ್ ಎತ್ತಿ ತಗಡು ಒತ್ತಿ ನೋಡಿ. ಕೊನೆಗೆ ಗಾಜು, ಲೈಟು, ಹಿಂಬಾಗಿಲು ಪೂರ್ತಿ ಇವೆಯೇ ನೋಡಿ. ಮನೆಯಲ್ಲೇ ಇರುವ ಗಾಡಿಯಾದರೆ, ಎಂಜಿನ್ ಬದಲಿಸಿದ ಕಾಲದ ಕಾಗದಗಳು ಹಿರಿಯರ ಟ್ರಂಕಿನಲ್ಲಿ ಇವೆಯೇ ಎಂದು ಈಗಲೇ ಹುಡುಕಿ. ಅದು ಗೊತ್ತಿದ್ದವರು ಮನೆಯಲ್ಲಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.