ಯಾರೆದುರು ಹೇಳಿಕೊಳ್ಳಬೇಕು?

ಕಲಬುರಗಿ ನಗರದಲ್ಲಾಗಲಿ, ಹುಮನಾಬಾದ್ ದಾರಿಯ ಕಮಲಾಪುರದಲ್ಲಾಗಲಿ, ಹಿರಿಯರ ಬಾಯಲ್ಲಿ ಉಳಿದಿರುವುದು ಜೋಗಪ್ಪ, ಹಿಜ್ರಾ ಎಂಬ ಹೆಸರುಗಳು. ಕಿರಿಯರು ಮಂಗಳಮುಖಿ, ಟ್ರಾನ್ಸ್ ಮಹಿಳೆ, ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಾರೆ. ಹಳಬರಿಗೆ ತಿಳಿವಳಿಕೆ ಇರಲಿಲ್ಲ, ಹೊಸಬರಿಗೆ ಬಂತು ಎಂದು ತೀರ್ಮಾನಿಸಿಬಿಡುವುದು ಸುಲಭ. ಈ ಸೀಮೆಯ ಚರಿತ್ರೆ ಅದನ್ನು ಒಪ್ಪುವುದಿಲ್ಲ. ಪ್ರತಿ ತಲೆಮಾರೂ ತನ್ನನ್ನು ಯಾರೆದುರು ಹೇಳಿಕೊಳ್ಳಬೇಕಾಗಿ ಬಂತೋ ಅವರಿಗೆ ಅರ್ಥವಾಗುವ ಮಾತನ್ನೇ ಆರಿಸಿಕೊಂಡಿದೆ.

ಹಿರಿಯರ ಕಾಲಕ್ಕೆ ಹೇಳಿಕೊಳ್ಳಲು ಇದ್ದದ್ದು ಮುಖ್ಯವಾಗಿ ಎರಡು ಹೊಸ್ತಿಲು. ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡವರು ಜೋಗಪ್ಪ, ಜೋಗತಿ ಎನಿಸಿಕೊಂಡು ಸೀರೆಯುಟ್ಟು, ಚೌಡಿಕೆ ಹಿಡಿದು ಊರೂರು ತಿರುಗಿದರು. ಅಮ್ಮ ಒಲಿದಳು ಎಂಬ ಒಂದು ಮಾತಿಗೆ ಮನೆಯವರೂ ಊರವರೂ ಎದುರಾಡುವುದು ಕಷ್ಟವಿತ್ತು. ಇನ್ನೊಂದು ಹಿಜ್ರಾ ಸಮುದಾಯದ ಗುರುವಿನ ಮನೆ. ಅಲ್ಲಿ ಯಾರ ಚೇಲಾ, ಅಂದರೆ ಯಾರ ಶಿಷ್ಯೆ, ಎಂಬುದೇ ಗುರುತು. ಹುಲಿಗಿಯಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಜೋಗತಿ ಎಂಬ ಹೆಸರನ್ನು ಅವರು ಅಲ್ಲಿಗೂ ಕೊಂಡೊಯ್ದರು.

ಸರಕಾರದೆದುರು ಹೇಳಿಕೊಳ್ಳುವುದು ಮಾತ್ರ ಆಗ ಅಪಾಯದ ಕೆಲಸ. ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1919ರಲ್ಲಿ, ಆ ಸಂಸ್ಥಾನ ಒಂದು ಕಾಯ್ದೆ ತಂದು 'ನಪುಂಸಕ'ರ ಪಟ್ಟಿ ಮಾಡಲು ಅವಕಾಶ ಕೊಟ್ಟಿತು. ಪಟ್ಟಿಯಲ್ಲಿದ್ದವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಬಂಧಿಸಬಹುದಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು 2023ರಲ್ಲಿ. ಕರ್ನಾಟಕವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿಸಿ ಇಂಥದ್ದೇ ಪಟ್ಟಿ ಮಾಡುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ಕೊಟ್ಟಿತ್ತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ 2016ರಲ್ಲಿ ತಿದ್ದಿತು. ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ತಮ್ಮ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವುದು ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕೇಂದ್ರ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುವ ಗುರುತಿನ ಪ್ರಮಾಣಪತ್ರ ತಂದಿತು. 2021ರಲ್ಲಿ ರಾಜ್ಯ ಸರಕಾರಿ ನೌಕರಿಯಲ್ಲಿ ಇವರಿಗೆ ಶೇ. 1 ಮೀಸಲಾತಿ ಬಂತು. ಕಿರಿಯರು ಹಕ್ಕಿನ ಭಾಷೆ ಆಡುವುದು ಈ ಕಚೇರಿಗಳ ಮೆಟ್ಟಿಲು ಹತ್ತಬೇಕಾದ್ದರಿಂದ.

ಹೊಸ ಪದಗಳು ಪರದೇಶದವು, ನಮ್ಮ ಪರಂಪರೆಗೆ ಹೊಂದವು ಎಂಬ ಆಕ್ಷೇಪವಿದೆ. ಹಿಜ್ರಾ, ಚೇಲಾ ಎಂಬವೂ ಉರ್ದುವಿನ ಒಡನಾಟದಲ್ಲಿ ಈ ಸೀಮೆಯ ಕನ್ನಡಕ್ಕೆ ಸೇರಿದ ಮಾತುಗಳೇ. ಹಾಗಾದರೆ ಹೊಸದು ಬರೀ ಹೆಸರಿನ ಬದಲಾವಣೆಯೇ ಎಂದು ಕೇಳಬಹುದು. ಅಲ್ಲ. ಜೋಗಪ್ಪಂದಿರ ಪರಂಪರೆಯಾಗಲಿ ಹಿಜ್ರಾ ಮನೆಯಾಗಲಿ ಹೆಣ್ಣಾಗಿ ಹುಟ್ಟಿ ಗಂಡೆಂದು ಅರಿತವರಿಗೆ ಜಾಗ ಕೊಟ್ಟಿರಲಿಲ್ಲ. ಟ್ರಾನ್ಸ್ ಪುರುಷರಿಗೆ ಮೊದಲ ಬಾರಿ ನೆಲೆ ಕೊಟ್ಟದ್ದು ಹೊಸ ಮಾತು. ಹಾಗೆಂದು ಹಳೆಯದನ್ನು ತಳ್ಳಿಹಾಕಬೇಕಿಲ್ಲ. 2019ರ ಕಾಯ್ದೆಯ ವ್ಯಾಖ್ಯಾನದಲ್ಲೇ ಹಿಜ್ರಾ, ಜೋಗ್ತಾ ಎಂಬ ಹೆಸರುಗಳಿವೆ. ಆದ್ದರಿಂದ ಕಮಲಾಪುರದ ವೃದ್ಧ ಜೋಗತಿ ಅಮ್ಮನ ಹೆಸರಿನಲ್ಲೇ ತನ್ನನ್ನು ಹೇಳಿಕೊಂಡರೂ ಆಕೆಯ ಪ್ರಮಾಣಪತ್ರದ ಅರ್ಜಿಗೆ ತಡೆಯಾಗಬಾರದು. ಹಕ್ಕು ಪಡೆಯಲು ಹೊಸ ಭಾಷೆ ಕಲಿಯಲೇಬೇಕೆಂಬ ಷರತ್ತು ಕಾನೂನಿನಲ್ಲಿ ಇಲ್ಲ.